ಶಿಖರಾಧ್ಯಕ್ಷರು

ಸಹಕಾರಿ ಸಂಘಕ್ಕೆ, ಜಾತ್ರಾ ಕಮಿಟಿಗೆ, ಗಣಪತಿ ಮಂಡಳಿಗೆ ಒಬ್ಬೊಬ್ಬ ಅಧ್ಯಕ್ಷನಿರುವುದು ನಮ್ಮ ನಾಡಿನ ಎಲ್ಲ ಊರುಗಳಿಗೂ ಸಮಾನವಾದ ಧರ್ಮವೇ ಸರಿ. ಆದರೆ ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿನಂತಹ ಬಯಲುಸೀಮೆಯ ಊರಿನಲ್ಲಿ, ಕಣ್ಣು ಹಾಯುವಷ್ಟು ದೂರವೂ ಕಬ್ಬು ಗೋವಿನಜೋಳಗಳೇ ಹಬ್ಬಿರುವಲ್ಲಿ, ನೀರಿನ ಟಾಕಿಯನ್ನೂ ಹಂಗಾಮಿನಲ್ಲಿ ಕಬ್ಬು ಹೇರಿಕೊಂಡು ಓಲಾಡುತ್ತ ಹೋಗುವ ಟ್ರೇಲರನ್ನೂ ಬಿಟ್ಟರೆ ಕತ್ತೆತ್ತಿ ನೋಡತಕ್ಕ ವಸ್ತುವೇ ವಿರಳವಾಗಿರುವಲ್ಲಿ, ಪರ್ವತಾರೋಹಣಕ್ಕೂ ಒಬ್ಬ ಅಧ್ಯಕ್ಷರು ತಾವಾಗಿಯೇ ಉದ್ಭವಿಸಿರುವರೆಂದರೆ ಅದನ್ನು ದೈವಸಂಕಲ್ಪವೆಂದಲ್ಲದೆ ಬೇರೆ ಏನೆಂದು ಹೇಳುವುದು? ಇವರನ್ನು ಯಾರೂ ಚುನಾಯಿಸಿದ್ದಿಲ್ಲ. ಪ್ರತಿಸ್ಪರ್ಧಿಯಾಗಿ ನಿಂತವರೂ ಇಲ್ಲ. ಊರವರು ಇವರನ್ನು ಕಾಕಾ ಎಂದು ಕರೆಯುವರು. ಹೆಸರನ್ನು ಬರೆಯುವ ಅಗತ್ಯವಿಲ್ಲ. ಬೇರೊಂದು ಹೆಸರು ಧರಿಸಿ ಓದುಗರ ಊರಿನಲ್ಲಿಯೂ ಇವರು ವಾಸವಾಗಿಯೇ ಇರುವರು.

ಕಾಕಾ ಅವರ ಪರ್ವತಜ್ಞಾನವು ಅಗಾಧವಾದುದು. 1953ನೆಯ ಇಸವಿಯ ಮೇ 29ರಂದು ತೇನ್ಸಿಂಗ್ ಮತ್ತು ಹಿಲರಿ ಇಬ್ಬರೂ ಎವರೆಸ್ಟಿನ ನೆತ್ತಿಯ ಮೇಲೆ ನಿಂತ ಪ್ರಸಂಗವನ್ನು ಅವರ ಬಾಯಿಂದ ಕೇಳಿದವರಿಗೆ, ಆ ದಿವಸ ಕೆಳಗೆ ನಿಂತು ಹಗ್ಗ ಹಿಡಿದವರು ಕಾಕಾ ಅವರೇ ಇರಬೇಕೆಂಬ ಭ್ರಾಂತಿ ಹುಟ್ಟುವುದು ಸಹಜ. ಅಬೂ ಪರ್ವತದ ಗುರುಶಿಖರ 1722 ಮೀಟರು, ಮಹಾರಾಷ್ಟ್ರದ ಕಳಸೂಬಾಯಿ 1646 ಮೀಟರು, ನಮ್ಮ ಮುಳ್ಳಯ್ಯನಗಿರಿ 1930 ಮೀಟರು ಎಂಬ ಈ ಮೂರು ಅಂಕಿಗಳು ಅವರಿಗೆ ನಿತ್ಯಪಾರಾಯಣದ ಮಂತ್ರಗಳಾಗಿವೆ. ಅದರಲ್ಲಿಯೂ, ನಿಪ್ಪಾಣಿಯ ದಾರಿಯಲ್ಲಿ ನಿತ್ಯ ಓಡಾಡುವ, ಒಂದೇ ಅಂಗಡಿಯ ಫಲಕದಲ್ಲಿ ಎರಡು ಭಾಷೆಗಳನ್ನು ಓದುವ ಗಡಿಯ ಜನರಾದ ನಮಗೆ, ಕಳಸೂಬಾಯಿಗಿಂತ ಮುಳ್ಳಯ್ಯನಗಿರಿಯು 284 ಮೀಟರಿನಷ್ಟು ಮೇಲೆಂಬ ಸಂಗತಿಯು ಎಂತಹ ಮನಶ್ಶಾಂತಿಯನ್ನು ಕೊಡತಕ್ಕದ್ದೆಂಬುದನ್ನು ಬೆಂಗಳೂರಿನವರು ಅರಿಯಲಾರರು. 1967ರಲ್ಲಿ ವರದಿಯನ್ನೊಪ್ಪಿಸಿದ ಮಹಾಜನ ಆಯೋಗವು ಹಳ್ಳಿಹಳ್ಳಿಗಳ ಭಾಷೆಯನ್ನು ಲೆಕ್ಕ ಹಾಕುತ್ತ ಕೂಡುವುದಕ್ಕೆ ಬದಲಾಗಿ ಉಭಯ ರಾಜ್ಯಗಳ ಅತ್ಯುನ್ನತ ಶಿಖರಗಳ ಎತ್ತರವನ್ನು ಒಂದೇ ಹಾಳೆಯ ಮೇಲೆ ಬರೆದಿದ್ದರೆ ಗಡಿಯ ವ್ಯಾಜ್ಯವು ಅರ್ಧ ತಾಸಿನಲ್ಲಿ ಬಗೆಹರಿಯುತ್ತಿತ್ತೆಂಬುದು ಕಾಕಾ ಅವರ ಖಚಿತವಾದ ಅಭಿಪ್ರಾಯ.

ನಮ್ಮ ಭಾಗದ ಜನ ಗುಡ್ಡವನ್ನೇ ಕಾಣದವರೆಂದು ಇದರಿಂದ ಯಾರೂ ಭಾವಿಸಬಾರದು. ಕೊಲ್ಲಾಪುರದ ಸಮೀಪದ ಜೋತಿಬಾನ ಗುಡ್ಡವನ್ನು ಚೈತ್ರದ ಹುಣ್ಣಿಮೆಯಲ್ಲಿ ಗುಲಾಲಿನಲ್ಲಿ ಮಿಂದು ಏರುವವರುಂಟು. ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಸಂಸಾರಸಮೇತ ಹೊರಡುವವರುಂಟು. ಎಪ್ಪತ್ತು ದಾಟಿದ ಮುದುಕಿಯರು ಬರಿಗಾಲಲ್ಲಿ, ತಲೆಯ ಮೇಲೊಂದು ಬುಟ್ಟಿ, ಕಂಕುಳಲ್ಲೊಂದು ಮೊಮ್ಮಗು ಸಹಿತ ಏರಿ, ದೇವಿಗೆ ಕೈಮುಗಿದು, ಇಳಿದು ಬಂದು, ಮರುದಿನ ಕಳೆ ತೆಗೆಯಲು ಹೊಲಕ್ಕೆ ಹೋಗುವರು. ಎಷ್ಟು ಎತ್ತರ ಹತ್ತಿದಿರೆಂದು ಅವರನ್ನು ಕೇಳಿ ನೋಡಿರಿ: "ದೇವಿ ಎಷ್ಟ್ ಎತ್ತರದಾಗ ಕುಂತಾಳೋ ಅಷ್ಟರೀ" ಎಂದಾರು. ಕಾಕಾ ಅವರ ದೃಷ್ಟಿಯಲ್ಲಿ ಇದಾವುದೂ ಆರೋಹಣವೆಂಬ ಪದವಿಗೆ ಅರ್ಹವಲ್ಲ. ಸಭೆ ಕರೆಯದೆ, ಪಟ್ಟಿ ಹಾಕದೆ, ಸಾಮಾನುಗಳ ಯಾದಿ ಮಾಡದೆ ಹತ್ತಿದ ಗುಡ್ಡವು ಹತ್ತಿದ ಲೆಕ್ಕಕ್ಕೆ ಬಾರದು.

ದಸರೆ ಮುಗಿದು, ಸಕ್ಕರೆ ಕಾರ್ಖಾನೆಗಳು ಇನ್ನೂ ಕಬ್ಬು ನುರಿಸಲು ತೊಡಗದೆ ಇರುವ ಕೆಲವು ದಿವಸಗಳ ಬಿಡುವಿನಲ್ಲಿ, ಮುಳ್ಳಯ್ಯನಗಿರಿಯನ್ನು ಒಂದೇ ದಿನದಲ್ಲಿ ಏರಿ ಇಳಿಯುವ ಯೋಜನೆಯು ಚಹದ ಅಂಗಡಿಯ ಬೆಂಚಿನ ಮೇಲೆ ರೂಪುಗೊಂಡಿತು. ನಿವೃತ್ತ ಮಾಸ್ತರರೊಬ್ಬರು, ಕಿರಾಣಿ ಅಂಗಡಿಯ ಅಣ್ಣನೊಬ್ಬ, ದಿನಕ್ಕೆ ನಾಲ್ಕು ಮಾತನ್ನು ಮೀರದ ತೋಟದ ಗೆಳೆಯನೊಬ್ಬ, ಈ ಲೇಖಕ, ಮತ್ತು ಬಾಡಿಗೆಯ ಕ್ರೂಸರು ಗಾಡಿಯ ಹುಡುಗ: ಇದಿಷ್ಟೇ ನಮ್ಮ ಸೈನ್ಯ. ಸಭೆಗಳು ಮಾತ್ರ ದೊಡ್ಡ ಸೈನ್ಯಕ್ಕೆ ಸಾಲುವಷ್ಟು ನಡೆದವು. ಹಳೆಯ ಉದ್ದರಿ ವಹಿಯೊಂದರ ಹಿಂದಿನ ಪುಟಗಳಲ್ಲಿ ಕಾಕಾ ಅವರು ಯಾದಿಯನ್ನು ಬರೆಸಿದರು: ನೂರು ಫೂಟು ಹಗ್ಗ, ಸೀಟಿ, ಬ್ಯಾಟರಿ, ಚಾಕು, ಸುಣ್ಣ, ಅಮೃತಾಂಜನ. ಹುಲ್ಲೇ ಹಾಸಿಕೊಂಡಿರುವ ಬೆಟ್ಟದಲ್ಲಿ ಹಗ್ಗವನ್ನು ಯಾವುದಕ್ಕೆ ಕಟ್ಟುವುದೆಂದು ಮಾಸ್ತರರು ವಿನಯದಿಂದ ವಿಚಾರಿಸಿದಾಗ ಕಾಕಾ ಅವರು ಕನ್ನಡಕವನ್ನು ಹಣೆಗೇರಿಸಿ ಅವರನ್ನು ಕರುಣೆಯಿಂದ ನೋಡಿದರು.

"ಗುಡ್ಡಾ ಹತ್ತೂದು ಕಾಲಿನ ಕೆಲಸ ಅಲ್ರಿ ಮಾಸ್ತರ, ತಲೀ ಕೆಲಸ. ಹಗ್ಗ ಇರಲಿ. ಎಲ್ಲಿ ಕಟ್ಟೂದು ಅಂತ ಅಲ್ಲಿ ಹೋಗಿ ನೋಡೋಣು."

ಆಹಾರದ ವಿಭಾಗವು ಹೆಚ್ಚು ಫಲವತ್ತಾಗಿತ್ತು. ಕಟಿ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು, ಉಳ್ಳಾಗಡ್ಡಿ, ಇದು ಬುತ್ತಿ. ಇದಲ್ಲದೆ, ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ, ಉತ್ತತ್ತಿಗಳಿಂದ ಕೂಡಿದ ಗೋಕಾಕದ ಕರದಂಟು ಆಪತ್ಕಾಲದ ಆಹಾರವೆಂದೂ, ಮಂಜಿನಲ್ಲಿ ದಾರಿ ತಪ್ಪಿ ರಾತ್ರಿಯೆಲ್ಲ ಬೆಟ್ಟದ ಮೇಲೆ ಕಳೆಯಬೇಕಾದ ಪ್ರಸಂಗದಲ್ಲಿ ಮಾತ್ರ ಅದರ ಡಬ್ಬಿಯನ್ನು ತೆರೆಯತಕ್ಕದ್ದೆಂದೂ ನಿರ್ಣಯವಾಯಿತು.

ಪಾದರಕ್ಷೆಯ ವಿಷಯದಲ್ಲಿ ಚರ್ಚೆಯು ಕಾವೇರಿತು. ಕಾಕಾ ಅವರು ಪುಣೆಯಲ್ಲಿರುವ ಮಗನಿಂದ ಹಿಮ ತುಳಿಯುವುದಕ್ಕೂ ಯೋಗ್ಯವಾದ ಬೂಟುಗಳನ್ನು ತರಿಸಿದ್ದರು. ಜೊತೆಗೆ, ಎತ್ತರವನ್ನು ತಾನೇ ಹೇಳುವ ಒಂದು ಕೈಗಡಿಯಾರವೂ ಬಂದಿದ್ದಿತು. ತೋಟದ ಗೆಳೆಯನ ಕಾಲಲ್ಲಿ ಎಂದಿನ ಅಥಣಿಯ ಚಪ್ಪಲಿ. ಲೋಕವೆಲ್ಲ ಕೊಲ್ಲಾಪುರಿ ಎಂದು ಕರೆಯುವ ಆ ಚಪ್ಪಲಿಯನ್ನು ಅಥಣಿ ನಿಪ್ಪಾಣಿಗಳ ಕುಶಲಿಗಳು ತಲೆಮಾರುಗಳಿಂದ ಹೊಲಿಯುತ್ತ ಬಂದಿರುವರು. 2019ರಲ್ಲಿ ಅದರ ಭೌಗೋಳಿಕ ಮಾನ್ಯತೆಯ ಸುದ್ದಿ ಬಂದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ನಮ್ಮ ಬೆಳಗಾವಿಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಪಾಲು ದೊರೆಯಿತು. ಗಡಿಯ ಇಷ್ಟು ದೊಡ್ಡ ಜಗಳದಲ್ಲಿ ಸರಿಪಾಲಾದ ವಸ್ತುವೆಂದರೆ ಇದೊಂದೇ ಇರಬೇಕು. ಕಾಕಾ ಅವರು ಆ ಚಪ್ಪಲಿಯನ್ನು ನೋಡಿ ತಲೆಯಲ್ಲಾಡಿಸಿದರು. ಗೆಳೆಯನು ಬೂಟನ್ನು ನೋಡಿ ಏನೂ ಹೇಳಲಿಲ್ಲ. ಅಂದಿನ ನಾಲ್ಕು ಮಾತುಗಳು ಆಗಲೇ ಮುಗಿದಿದ್ದವೆಂದು ತೋರುತ್ತದೆ.

ಪ್ರಯಾಣವನ್ನು ವಿಸ್ತರಿಸಿ ಹೇಳತಕ್ಕದ್ದೇನೂ ಇಲ್ಲ. ಸಂಜೆಗೆ ಹೊರಟು ಬೆಳಗಾವಿ, ಹುಬ್ಬಳ್ಳಿ, ಹರಿಹರ, ಶಿವಮೊಗ್ಗೆ, ತರೀಕೆರೆಗಳ ಮೇಲೆ ರಾತ್ರಿಯೆಲ್ಲ ಸಾಗಿ ಬೆಳಗಿನ ಹೊತ್ತಿಗೆ ಚಿಕ್ಕಮಗಳೂರನ್ನು ಸೇರಿದೆವು. ಆಪತ್ಕಾಲದ ಕರದಂಟು ಹುಬ್ಬಳ್ಳಿಯನ್ನು ಕಾಣಲಿಲ್ಲ.

ಚಂದ್ರದ್ರೋಣ ಪರ್ವತವನ್ನು ಮೊದಲ ಸಲ ಕಾಣುವ ಬಯಲುಸೀಮೆಯವನಿಗೆ ಬಾಯಿ ಕಟ್ಟುವುದು ಸ್ವಾಭಾವಿಕ. ಅರ್ಧಚಂದ್ರಾಕಾರವಾಗಿ ಬಾಗಿ ನಿಂತ ಆ ಶ್ರೇಣಿಯ ಮೈತುಂಬ ಹುಲ್ಲು; ಕಣಿವೆಗಳ ಮಡಿಲಲ್ಲಿ ಮಾತ್ರ ಕಪ್ಪಾಗಿ ದಟ್ಟೈಸಿದ ಶೋಲಾ ಕಾಡು; ಕೆಳಗೆ ಕಾಫಿಯ ತೋಟಗಳು. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸೂಫಿ ಸಂತರು ಅರಬರ ನಾಡಿನಿಂದ ಏಳು ಕಾಫಿ ಬೀಜಗಳನ್ನು ಗುಪ್ತವಾಗಿ ತಂದು ಇದೇ ಗಿರಿಗಳಲ್ಲಿ ನೆಟ್ಟರೆಂಬ ಐತಿಹ್ಯವನ್ನು ಕಾಕಾ ಅವರು ಗಾಡಿಯಿಂದ ಇಳಿಯುವ ಮುನ್ನವೇ ನಮಗೆ ಅರುಹಿದರು. ಇಳಿದ ಮೇಲೆ ಅವರ ವಾಗ್ಝರಿಯು ಕ್ರಮೇಣ ಕ್ಷೀಣಿಸಿತು. ಶಿಖರದ ಬುಡದ ಮೆಟ್ಟಿಲುಗಳವರೆಗೂ ಮೋಟಾರು ರಸ್ತೆಯಿದ್ದರೂ ಅದನ್ನು ತಿರಸ್ಕರಿಸಿ, ಸರ್ಪದಾರಿಯೆಂಬ ಕಾಲುಹಾದಿಯಿಂದಲೇ ಏರತಕ್ಕದ್ದೆಂಬುದು ಅವರದೇ ಆಜ್ಞೆ. ಆ ಹಾದಿಯು ಹಾವಿನಂತೆಯೇ ಬಳುಕುತ್ತ ಬೆಟ್ಟದ ಬೆನ್ನನ್ನು ಹತ್ತುತ್ತದೆ. ಅಲ್ಲಿ ನೆರಳಿಲ್ಲ, ಗಾಳಿಯು ಮಾತ್ರ ಟೊಪ್ಪಿಗೆಯನ್ನು ಕಿತ್ತುಕೊಳ್ಳುವಷ್ಟು ಉದಾರವಾಗಿ ಬೀಸುತ್ತದೆ.

ಮೊದಲ ನೂರು ಹೆಜ್ಜೆಗಳವರೆಗೆ ಕಾಕಾ ಅವರು ಮುಂದಿದ್ದರು. ಅನಂತರ, "ನಾಯಕ ಆದಾಂವ ಎಲ್ಲಾರ ಹಿಂದ ಇರಬೇಕ್ರಪಾ, ಬಿದ್ದವರನ್ನ ಎತ್ತೂದ್ ಯಾರು?" ಎಂದು ಹಿಂದೆ ಸರಿದರು. ಹಾದಿಯ ತಿರುವಿಗೊಮ್ಮೆ ನಿಸರ್ಗಾವಲೋಕನ ನಡೆಯಿತು. ಒಂದು ತಿರುವಿನಲ್ಲಿ ಅವರು ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿ, ಒಂದು ಮೊಳದ ಪೊದೆಯ ಎಲೆಯನ್ನು ಎರಡು ಬೆರಳುಗಳಲ್ಲಿ ಹಿಡಿದು, ತಿರುಗಿಸಿ, ಮೂಸಿ, ಮತ್ತೆ ತಿರುಗಿಸಿ, ಹನ್ನೆರಡು ವರ್ಷಗಳಿಗೊಮ್ಮೆ ಅರಳುವ ನೀಲಕುರಿಂಜಿಯು ಇದೇ ಹೌದೋ ಅಲ್ಲವೋ ಎಂಬ ಜಿಜ್ಞಾಸೆಯಲ್ಲಿ ತೊಡಗಿದರು. ಜಿಜ್ಞಾಸೆಯು ದೀರ್ಘವಾಗಿತ್ತು. ಅವರ ಉಸಿರು ಮೇಲಿನ ತಿರುವಿನಲ್ಲಿ ನಿಂತ ನಮಗೂ ಕೇಳಿಸುತ್ತಿತ್ತು. ತೋಟದ ಗೆಳೆಯನು ಚಪ್ಪಲಿಯೊಳಗಿನ ಹರಳನ್ನು ಝಾಡಿಸಿಕೊಂಡು ಆ ದಿನದ ಮೊದಲನೆಯ ಮಾತನ್ನು ಆಡಿದನು:

"ಕಾಕಾ, ಅದು ಅರಳೂತನಕಾ ಇಲ್ಲೇ ಕುಂಡ್ರತೀರೇನ್ರಿ?"

ಅದಾದ ಮುಂದಿನ ತಿರುವಿನಲ್ಲಿಯೇ ಕಾಕಾ ಅವರಿಗೆ ಗಾಡಿಯ ಹುಡುಗನ ನೆನಪು ಕಾಡಲು ತೊಡಗಿತು. ಅವನು ಎಳೆಯ ಪ್ರಾಯದವನು, ಮಲೆನಾಡಿನ ರಸ್ತೆಗಳನ್ನರಿಯದವನು, ಒಬ್ಬನೇ ಗಾಡಿಯನ್ನು ಮೇಲಕ್ಕೆ ತರುವಾಗ ದಾರಿ ತಪ್ಪುವುದು ನಿಶ್ಚಯ. ಆದುದರಿಂದ ತಾವು ಇಳಿದು ಹೋಗಿ ಅವನಿಗೆ ಮಾರ್ಗದರ್ಶನ ಮಾಡುವುದೇ ಕರ್ತವ್ಯವೆಂದು ಹೇಳಿ, ಮೇಲೇರುವಾಗ ಕಾಣದಿದ್ದ ಲವಲವಿಕೆಯಿಂದ ಅವರು ಕೆಳಗಿಳಿದರು. ಮೇಲಕ್ಕೆ ಇರುವ ರಸ್ತೆ ಒಂದೇ ಎಂಬುದನ್ನು ಮಾಸ್ತರರು ನೆನಪಿಸುವಷ್ಟರಲ್ಲಿ ಅವರು ಎರಡು ತಿರುವುಗಳನ್ನು ದಾಟಿಯಾಗಿತ್ತು. ನೂರು ಫೂಟು ಹಗ್ಗವು ಕಿರಾಣಿ ಅಂಗಡಿಯ ಅಣ್ಣನ ಹೆಗಲ ಮೇಲೆಯೇ ಉಳಿಯಿತು, ಬುತ್ತಿಯು ಗಾಡಿಯಲ್ಲಿತ್ತು.

ನಾವು ನಾಲ್ವರು ನಿಲ್ಲುತ್ತ, ಕೂಡುತ್ತ, ಅಣ್ಣನ ಎದೆಬಡಿತವನ್ನು ಮಾಸ್ತರರು ನಾಡಿ ಹಿಡಿದು ಎಣಿಸುತ್ತ, ಅಂತೂ ನೆತ್ತಿಯನ್ನು ಮುಟ್ಟಿದೆವು. ಮಂಜು ಕವಿದಿದ್ದುದರಿಂದ ಕರ್ನಾಟಕದ ಅತ್ಯುನ್ನತ ಸ್ಥಾನದಿಂದ ನಮಗೆ ಕಂಡದ್ದು ಪರಸ್ಪರರ ಮುಖಗಳು ಮಾತ್ರ. ಮುಳ್ಳಪ್ಪಸ್ವಾಮಿಯ ಗುಡಿಯ ಮುಂದೆ, ರಸ್ತೆಯವರೆಗೆ ವಾಹನದಲ್ಲಿ ಬಂದು ಮೆಟ್ಟಿಲುಗಳನ್ನಷ್ಟೇ ಏರಿದ ಮುದುಕಿಯರಿಬ್ಬರು ಸೆರಗು ಹೊದ್ದು ಕುಳಿತು ಕಾಯಿ ಒಡೆಯುವವನ ದಾರಿ ನೋಡುತ್ತಿದ್ದರು. ಅಣ್ಣನ ಹೆಗಲ ಮೇಲಿನ ಹಗ್ಗವನ್ನು ನೋಡಿ ಅವರಲ್ಲೊಬ್ಬಳು, "ಹಸು ತಪ್ಪಿಸ್ಕೊಂಡಿದ್ಯೇನಪ್ಪ?" ಎಂದು ಮರುಕದಿಂದ ವಿಚಾರಿಸಿದಳು.

ಹಸಿವು ನಮ್ಮನ್ನು ಮೆಟ್ಟಿಲುಗಳ ಮೇಲಿಂದ ಶೀಘ್ರವಾಗಿ ಕೆಳಗೆ ತಂದಿತು. ಬುಡದಲ್ಲಿ, ರಸ್ತೆಯ ಬದಿಯ ಕಲ್ಲಿನ ಮೇಲೆ, ಬೂಟುಗಳನ್ನು ಕಳಚಿ, ಹಿಮ್ಮಡಿಯಲ್ಲಿ ಎದ್ದ ಗುಳ್ಳೆಗೆ ಅಮೃತಾಂಜನವನ್ನು ಲೇಪಿಸಿಕೊಂಡು ಕಾಕಾ ಅವರು ಆಸೀನರಾಗಿದ್ದರು. ಪಕ್ಕದಲ್ಲಿ ಬುತ್ತಿಯ ಗಂಟು ಬಿಚ್ಚಿತ್ತು. ಮೊಸರಿನ ಡಬ್ಬಿಯ ತಳ ಕಾಣುತ್ತಿತ್ತು. ನಾವು ಬಾಯಿ ತೆರೆಯುವ ಮುನ್ನವೇ ಅವರು ಕೈಯನ್ನು ಚಾಚಿ ಗಡಿಯಾರವನ್ನು ತೋರಿಸಿದರು. ಅದರಲ್ಲಿ 1942 ಎಂಬ ಅಂಕಿ ಮಿನುಗುತ್ತಿತ್ತು.

"ಶಿಖರ ಎಷ್ಟರಿ ಮಾಸ್ತರ? 1930. ನಾ ಎಷ್ಟರಾಗ ಕುಂತೀನಿ? 1942. ಹನ್ನೆರಡು ಮೀಟರ್ ಮ್ಯಾಲ ಇದ್ದಾಂವ ಇನ್ನ ಎಲ್ಲಿ ಹತ್ತಲಿ? ಅಲ್ಲಿಗೆ ಬರಬೇಕಂದ್ರ ನಾ ಇಳದ ಬರಬೇಕಾಗ್ತಿತ್ತು."

ಮೂವತ್ತು ವರ್ಷ ವಿಜ್ಞಾನ ಕಲಿಸಿದ ಮಾಸ್ತರರಿಗೆ ಇದನ್ನು ಸಹಿಸುವುದು ದುಸ್ತರವಾಯಿತು. ಇಂತಹ ಗಡಿಯಾರವು ಎತ್ತರವನ್ನು ಅಳೆಯುವುದು ಗಾಳಿಯ ಒತ್ತಡದಿಂದ. ಮೇಲೆ ಹೋದಂತೆ ಒತ್ತಡ ಕಡಿಮೆಯಾಗುವುದು ನಿಜ, ಆದರೆ ಹವೆ ಬದಲಾಗಿ ಒತ್ತಡ ಇಳಿದರೂ ಗಡಿಯಾರವು ಕುಳಿತವನನ್ನೇ ಮೇಲಕ್ಕೇರಿಸಿಬಿಡುವುದು. ಆದುದರಿಂದ ಎತ್ತರ ಗೊತ್ತಿರುವ ಸ್ಥಳದಲ್ಲಿ ಅದನ್ನು ಆಗಾಗ ಸರಿಪಡಿಸಿಕೊಳ್ಳಬೇಕು. ಕಾಕಾ ಅವರಾದರೋ ಅದನ್ನು ಕಬ್ಬೂರಿನ ಚಹದ ಅಂಗಡಿಯಲ್ಲಿ ಕೇವಲ ಅಂದಾಜಿನಿಂದ ತಿರುವಿದ್ದರು. ಇದನ್ನೆಲ್ಲ ಮಾಸ್ತರರು ಸಾವಧಾನವಾಗಿ ವಿವರಿಸಿ, "ಹವಾ ಬದಲಾದ್ರ ಗಡಿಯಾರ ಬದಲಾಗತೈತ್ರಿ ಕಾಕಾ, ಗುಡ್ಡ ಬದಲಾಗಂಗಿಲ್ಲ" ಎಂದು ಮುಗಿಸಿದರು.

"ಹಂಗಾರ ಈ ಗುಡ್ಡಾ ಅಳದಾಂವ ಅವತ್ತ ಹವಾ ನೋಡಿ ಅಳದಾನೋ ಇಲ್ಲೋ? ನೀವೇನ್ ಅಲ್ಲಿ ಇದ್ರೇನು?"

ಮಾಸ್ತರರ ಬಳಿ ಉತ್ತರವಿಲ್ಲದಿರಲಿಲ್ಲ. 1802ರಲ್ಲಿ ಲ್ಯಾಂಬ್ಟನ್ ಎಂಬ ಅಧಿಕಾರಿಯು ಮದರಾಸಿನಲ್ಲಿ ತೊಡಗಿದ ತ್ರಿಕೋನಮಿತಿಯ ಮಹಾಮೋಜಣಿಯಿಂದ ಮೊದಲುಗೊಂಡು, ಕೋನಗಳನ್ನು ಹಿಡಿದು ದೂರದಿಂದಲೇ ಬೆಟ್ಟವನ್ನಳೆಯುವ ವಿದ್ಯೆಯನ್ನೆಲ್ಲ ಅವರು ಅಲ್ಲಿಯೇ ಬೋಧಿಸಬಲ್ಲವರಾಗಿದ್ದರು. ಆದರೆ ಅಷ್ಟರಲ್ಲಿ ಕಾಕಾ ಅವರ ಕೈ ಮತ್ತೊಂದು ರೊಟ್ಟಿಯ ಕಡೆಗೆ ಚಲಿಸಿತು. ಗಂಟಿನಲ್ಲಿ ಉಳಿದಿದ್ದುದು ನಮ್ಮ ಸಂಖ್ಯೆಗೂ ಸಾಲದಷ್ಟು. ಮಾಸ್ತರರು ಶಾಸ್ತ್ರವನ್ನು ಬಿಟ್ಟು ರೊಟ್ಟಿಯನ್ನು ಹಿಡಿದರು. ವಿವೇಕಿಗಳು.

ಊರಿಗೆ ಮರಳಿದ ಮೇಲೆ ನಿಜವಾದ ಆರೋಹಣವು ಚಹದ ಅಂಗಡಿಯಲ್ಲಿ ಆರಂಭವಾಯಿತು. ಕಾಕಾ ಅವರಂತಹವರಿಗೆ ಬೆಟ್ಟವೆಂಬುದು ಹೋಗುವ ಮುಂಚಿನ ಸಭೆಗಳಿಗೂ ಬಂದ ಮೇಲಿನ ಕಥನಕ್ಕೂ ನಡುವೆ ಬಂದೊದಗುವ ಒಂದು ಅಡಚಣೆ. ಅದನ್ನು ಬೇಗನೆ ನಿವಾರಿಸಿಕೊಂಡರೆ ಉಳಿದುದೆಲ್ಲವೂ ಸುಗಮ. ಮಂಜು ದಟ್ಟವಾಯಿತು, ಗಾಳಿ ಬಿರುಗಾಳಿಯಾಯಿತು, ಹಗ್ಗಕ್ಕೂ ಕಟ್ಟುವುದಕ್ಕೊಂದು ಬಂಡೆ ದೊರೆಯಿತು. ನಿಂತು ಕೇಳುತ್ತಿದ್ದ ಹುಡುಗರು ಬೆರಗಾದರು. ನಾವು ನಾಲ್ವರೂ ಅಲ್ಲಗಳೆಯಲಿಲ್ಲ; ಏಕೆಂದರೆ ಆ ಕಥೆಯಲ್ಲಿ ನಮ್ಮನ್ನು ಕಾಕಾ ಅವರು ಸಾವಿನ ದವಡೆಯಿಂದ ಪಾರುಮಾಡಿದ್ದರು, ಮತ್ತು ಚಹದ ಬಿಲ್ಲನ್ನು ಅವರೇ ಕೊಡುತ್ತಿದ್ದರು.

ಈಗ ಅವರ ದೃಷ್ಟಿಯು ಕಳಸೂಬಾಯಿಯ ಮೇಲೆ ನೆಟ್ಟಿದೆ. ಗಡಿಯಾಚೆಯ ಶಿಖರವನ್ನು ಕನ್ನಡಿಗರೇ ಏರಿ ಬರಬೇಕೆಂಬುದು ಇದರ ಹಿಂದಿರುವ ಘನೋದ್ದೇಶ. ಹಿಂದೆ ಅಹ್ಮದನಗರವೆನಿಸಿದ್ದ ಅಹಿಲ್ಯಾನಗರದ ಕಡೆಯ ಬಾರಿ ಎಂಬ ಹಳ್ಳಿಯಿಂದ ಅದನ್ನು ನಡೆದೇ ಹತ್ತಬೇಕು. ಕಡಿದಾದ ಸ್ಥಳಗಳಲ್ಲಿ ಕಬ್ಬಿಣದ ಏಣಿಗಳಿವೆ. ಕ್ರೂಸರು ಮೇಲಕ್ಕೆ ಹೋಗುವ ರಸ್ತೆಯಿಲ್ಲ. ಈ ಕೊನೆಯ ಸಂಗತಿಯನ್ನು ಕಾಕಾ ಅವರಿಗೆ ಇನ್ನೂ ಯಾರೂ ತಿಳಿಸಿಲ್ಲ. ಪಟ್ಟಿ ಹಾಕುವ ಕೆಲಸ ನಡೆದಿದೆ. ಬರುವ ಇಚ್ಛೆಯುಳ್ಳ ಮಹನೀಯರು ಹಣವನ್ನು ಧಾರಾಳವಾಗಿ ಅವರ ಕೈಯಲ್ಲಿ ಕೊಡಬಹುದು, ಲೆಕ್ಕವು ಚೊಕ್ಕಟವಾಗಿರುತ್ತದೆ; ಬುತ್ತಿಯನ್ನು ಮಾತ್ರ ಕೊಡಬೇಡಿರಿ.