ಬೆಂಚಿನ ಆಯ್ಕೆ ಸಮಿತಿ

ಅರೇಹಳ್ಳಿಯ ಟೀ ಅಂಗಡಿ ಬೆಂಚಿನಲ್ಲಿ ಎರಡು ಭವಿಷ್ಯ ಪುಕ್ಕಟೆ: ರೊಬಸ್ಟಾ ರೇಟು ಮತ್ತು ಭಾರತದ ಫುಟ್‌ಬಾಲ್ ತಂಡ. ಎರಡೂ ಫಲಿಸುವುದು ಅಪರೂಪ. ಹೇಳುವವರ ದನಿ ಮಾತ್ರ ಇಳಿಯುವುದಿಲ್ಲ.

2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ನಮ್ಮ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಕಣ್ಣೀರಿನೊಂದಿಗೆ ವಿದಾಯ ಹೇಳಿದಾಗ, 'ಮುಗೀತು ಬಿಡ್ರಿ' ಎಂದು ತೀರ್ಪು ಕೊಟ್ಟದ್ದು ಇದೇ ಬೆಂಚು. ಮರುವರ್ಷದ ಮಾರ್ಚ್‌ನಲ್ಲಿ, ನಲವತ್ತು ತುಂಬಿದ ಮೇಲೆ, ಅವರು ಶಿಲ್ಲಾಂಗ್‌ಗೆ ಬಂದು ಮಾಲ್ಡೀವ್ಸ್ ಬಲೆಗೆ ತಲೆಯಿಂದ ಚೆಂಡು ತೂರಿದರು. 95ನೆಯ ಅಂತರರಾಷ್ಟ್ರೀಯ ಗೋಲು! 'ನಾವ್ ಆಗ್ಲೇ ಹೇಳಿರ್ಲಿಲ್ವಾ?' ಎಂದಿತು ಬೆಂಚು.

ತೋಟದವರಿಗೆ ಇದು ಸಹಜ. ಹಳೇ ಕಾಫಿ ಗಿಡವನ್ನು ಮೊಂಡು ಕಡಿದರೂ ಚಿಗುರುತ್ತದೆ. ಪಕ್ಕದಲ್ಲಿ ನೆಟ್ಟ ಸಸಿ ಯಾಕೆ ಏಳಲಿಲ್ಲ ಎಂಬುದೇ ಪ್ರಶ್ನೆ. ಆ ಐಎಸ್‌ಎಲ್ ಋತುವಿನಲ್ಲಿ ಛೆಟ್ರಿಯಷ್ಟು ಗೋಲು ಹೊಡೆದ ಇನ್ನೊಬ್ಬ ಭಾರತೀಯ ಇರಲಿಲ್ಲ. ಇಪ್ಪತ್ತೈದರ ಹುಡುಗರೇ, ಕೇಳಿಸಿತೇ?

ಅಕ್ಟೋಬರ್‌ನಲ್ಲಿ ಮಡಗಾಂವ್‌ನಲ್ಲಿ ಸಿಂಗಾಪುರ 2-1ರಿಂದ ಗೆದ್ದು 2027ರ ಏಷ್ಯನ್ ಕಪ್ ಬಾಗಿಲು ಮುಚ್ಚಿತು. ಬೆಂಚು ಮುಚ್ಚಲಿಲ್ಲ.

ಈಗ ಚರ್ಚೆ ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ಬಗ್ಗೆ. 1992ರಲ್ಲಿ ಹುಟ್ಟಿದವರು. 'ಇಟಲಿಯ ಡೀನೊ ಜೋಫ್ ನಲವತ್ತರಲ್ಲಿ, 1982ರಲ್ಲಿ, ವಿಶ್ವಕಪ್ಪನ್ನೇ ಎತ್ತಲಿಲ್ವಾ? ಇನ್ನೂ ಟೈಮಿದೆ' ಎಂದರು ತೋಟದ ರೈಟರು. 'ಟೈಮಿದೆ, ಕಪ್ಪೆಲ್ಲಿದೆ?' ಎಂದು ಅಂಗಡಿಯವನು ಅವರ ಮುಂದಿದ್ದ ಖಾಲಿ ಲೋಟ ಎತ್ತಿಕೊಂಡು ಹೋದ.