ಸದ್ದಲೇ, ಮೀಟಿಂಗ್ ಐತಿ!

ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಪ್ರತಿ ವರ್ಷ ಮಹಾನವಮಿಗೆ ಮಾಲತೇಶ ಸ್ವಾಮಿಯ ಕಾರ್ಣಿಕ, ಅಂದರೆ ದೈವವಾಣಿ. ಉಪವಾಸ ವ್ರತ ಹಿಡಿದ, ಸ್ವಾಮಿಯ ಸೇವಕ ಗೊರವಪ್ಪ ಆಳೆತ್ತರ ಮೀರಿದ ಬಿಲ್ಲನ್ನೇರಿ, ಆಕಾಶ ದಿಟ್ಟಿಸಿ, ‘ಸದ್ದಲೇ’ ಎಂದು ಗದರುತ್ತಾನೆ. ಅಲ್ಲಿಯತನಕ ಏಳುಕೋಟಿ ಘೋಷ ಹಾಕುತ್ತಿದ್ದ ಸಾವಿರಾರು ಮಂದಿ ಒಮ್ಮೆಲೇ ಗಪ್‌ಚಿಪ್. ಒಂದೇ ಒಂದು ಸಾಲು ನುಡಿದು ಮೇಲಿನಿಂದ ಮೈ ಬಿಟ್ಟುಬಿಡುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ಸಾಲಿನಿಂದ ಮಳೆ, ಬೆಳೆ, ವಿಧಾನಸೌಧದ ಕುರ್ಚಿ ಎಲ್ಲಕ್ಕೂ ಅರ್ಥ ತೆಗೆಯುವ ಕೆಲಸ ಆಮೇಲೆ ಚಹಾದಂಗಡಿಗಳಿಗೆ ಸೇರಿದ್ದು. ಹೊರನಾಡಿನ ಕನ್ನಡ ಮನೆಗಳಲ್ಲಿ ಈ ಸೇವೆ ದಿನಾ ನಡೆಯುತ್ತದೆ. ಯಜಮಾನ ಕಿವಿಗೆ ಹೆಡ್‌ಫೋನ್ ಏರಿಸಿ ಅಂಗೈ ಎತ್ತಿದನೆಂದರೆ ಮುಗಿಯಿತು: ಕುಕ್ಕರಿನ ಉರಿ ಆರುತ್ತದೆ, ಮಗಳ ಕಾರ್ಟೂನಿಗೆ ಬಾಯಿ ಕಟ್ಟುತ್ತದೆ, ಊರಿಂದ ಬಂದ ಅಜ್ಜಿ ಕಾದ ಎಣ್ಣೆಯ ಮುಂದೆ ಸಾಸಿವೆ ಡಬ್ಬಿ ಹಿಡಿದು ನಿಂತೇ ಇರುತ್ತಾಳೆ. ಸಂಜೆ ಮ್ಯಾನೇಜರನಿಂದ ಬರುವುದೂ ಒಂದೇ ಸಾಲು: ‘ನಾಳೆ ಐದು ನಿಮಿಷ ಮಾತಾಡೋಣ.’ ಅದರ ಅರ್ಥ ತೆಗೆಯುತ್ತ ಗಂಡ-ಹೆಂಡತಿ ಬೆಳಗು ಮಾಡುತ್ತಾರೆ. ವ್ಯತ್ಯಾಸ ಇರುವುದು ಕಡೆಯ ಹೆಜ್ಜೆಯಲ್ಲಿ. ಗೊರವಪ್ಪ ಕೆಳಗಿನ ಕೈಗಳನ್ನು ನಂಬಿ ಬೀಳುತ್ತಾನೆ. ನಮ್ಮವನು ಬೀಳುವ ಭಯಕ್ಕೆ ಇನ್ನಷ್ಟು ಮೇಲಕ್ಕೆ ಹತ್ತುತ್ತಾನೆ, ಹಿಡಿಯಬೇಕಾದವರಿಗೇ ‘ಸದ್ದಲೇ’ ಅನ್ನುತ್ತಾನೆ. ಕೆಲಸ ಗಟ್ಟಿಯಾದ ಮೇಲೆ ಧೈರ್ಯ, ಧೈರ್ಯ ಬಂದ ಮೇಲೆ ಸಂಸಾರ ಎಂಬುದು ಹೊರನಾಡಿನ ಲೆಕ್ಕ. ದೇವರಗುಡ್ಡದ ಲೆಕ್ಕದಲ್ಲಿ ಕೆಳಗೆ ಜನ ಮೊದಲು, ಬಿಲ್ಲು ಆಮೇಲೆ. ನನ್ನ ವಾದವೂ ಅಷ್ಟೇ.

ಭಯಕ್ಕೆ ಬುಡವೇ ಇಲ್ಲ ಎಂದರೆ ಸುಳ್ಳಾದೀತು. ಆದರೆ ಬುಡಕ್ಕಿಂತ ಕೊಂಬೆ ಎಷ್ಟು ದೊಡ್ಡದು ಎಂಬುದಕ್ಕೆ 2025ರ ಸೆಪ್ಟೆಂಬರ್ ಸಾಕ್ಷಿ. 19ನೇ ತಾರೀಕು ಶುಕ್ರವಾರ ಅಮೆರಿಕದ ಅಧ್ಯಕ್ಷರು ಎಚ್-1ಬಿ ಎಂಬ ಕೆಲಸದ ವೀಸಾಕ್ಕೆ ಒಂದು ಲಕ್ಷ ಡಾಲರ್ ಶುಲ್ಕದ ಘೋಷಣೆಗೆ ಸಹಿ ಹಾಕಿದರು. ಜಾರಿಗೆ ಬರುವುದು 21ರಂದು. ‘ಹೊರಗಿದ್ದವರು ಕೂಡಲೇ ವಾಪಸ್ ಬನ್ನಿ, ಒಳಗಿದ್ದವರು ಅಲುಗಬೇಡಿ’ ಎಂದು ಕಂಪನಿಗಳು ಮೇಲ್ ಕಳಿಸಿದವು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹೊರಡಲು ಸಿದ್ಧವಾಗಿ ನಿಂತಿದ್ದ ವಿಮಾನದಿಂದ ಜನ ಇಳಿದೇಬಿಟ್ಟರು. ಆ 21ನೇ ತಾರೀಕೇ ಮಹಾಲಯ ಅಮಾವಾಸ್ಯೆ. ಅತ್ತ ಹಾವೇರಿ ಸೀಮೆಯ ಮನೆಗಳಲ್ಲಿ ಹಿರಿಯರಿಗೆ ಎಡೆ ಇಡಲು ಸಿದ್ಧವಾಗುವ ಹೊತ್ತು, ಇತ್ತ ಬದುಕಿರುವ ಹಿರಿಯರನ್ನು ನೋಡಲು ಹೊರಟವರು ವಿಮಾನದ ಬಾಗಿಲಲ್ಲೇ ತಿರುಗುವ ಹೊತ್ತು. ಸಹಿ ಬಿದ್ದ ಮರುದಿನವೇ, 20ರಂದು, ಶ್ವೇತಭವನ ಸ್ಪಷ್ಟಪಡಿಸಿತು: ಶುಲ್ಕ ಹೊಸ ಅರ್ಜಿಗಳಿಗೆ ಮಾತ್ರ, ಈಗಾಗಲೇ ವೀಸಾ ಇದ್ದವರು ಹೋಗಬಹುದು, ಬರಬಹುದು. ನೌಕರಿಯ ಭಯಗಳಲ್ಲಿ ಮುಕ್ಕಾಲು ಪಾಲು ಬ್ಯಾಡಗಿ ಮೆಣಸಿನಕಾಯಿಯ ಜಾತಿಯವು. ಬಣ್ಣ ನೋಡಿದರೆ ನಾಲಿಗೆ ಸುಟ್ಟೀತು ಅನ್ನಿಸುತ್ತದೆ, ಖಾರ ಮಾತ್ರ ಕಡಿಮೆ.

‘ಉಳಿದ ಕಾಲು ಪಾಲಿಗೆ ಏನು ಹೇಳ್ತೀರಿ?’ ಎಂಬ ಪ್ರಶ್ನೆ ನ್ಯಾಯವಾದದ್ದು. ಎಚ್-1ಬಿ ನಿಂತಿರುವುದೇ ಮಾಲೀಕನ ಮೇಲೆ. ಹೆಂಡತಿ-ಮಕ್ಕಳ ಎಚ್-4 ನಿಂತಿರುವುದು ಆ ಎಚ್-1ಬಿ ಮೇಲೆ. ಕೆಲಸ ಹೋದರೆ, 2017ರಿಂದ ಜಾರಿಯಲ್ಲಿರುವ ನಿಯಮದಂತೆ, ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಹೊಸ ಕೆಲಸ ಹುಡುಕಬೇಕು, ಬೇರೆ ವೀಸಾಕ್ಕೆ ಅರ್ಜಿ ಹಾಕಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಹೀಗಿರುವಾಗ ಸಂಸಾರ ಮೊದಲು ಅನ್ನುವುದು ಹೊಟ್ಟೆ ತುಂಬಿದವರ ಉಪದೇಶವಲ್ಲವೇ? ಅಲ್ಲ. 2022-23ರ ಚಳಿಗಾಲ ನೆನಪಿಸಿಕೊಳ್ಳಿ. ಮೆಟಾ 11 ಸಾವಿರ, ಅಮೆಜಾನ್ 18 ಸಾವಿರ, ಗೂಗಲ್ 12 ಸಾವಿರ ಕೆಲಸಗಳನ್ನು ಕತ್ತರಿಸಿದವು. ಹಲವರಿಗೆ ಸುದ್ದಿ ತಲುಪಿದ್ದು ಬೆಳಗಿನ ಜಾವದ ಇ-ಮೇಲಿನಲ್ಲಿ. ಮಗನ ಹುಟ್ಟುಹಬ್ಬ ಬಿಟ್ಟು ಕೆಲಸ ಮಾಡಿದವರೂ ಆ ಪಟ್ಟಿಯಲ್ಲಿದ್ದರು, ರಜೆ ಹಾಕಿ ಕೇಕ್ ತಿಂದವರೂ ಇದ್ದರು. ಬಿಟ್ಟ ಹಬ್ಬಗಳನ್ನು ಯಾವ ಕಂಪನಿಯೂ ಜಮಾ ಖಾತೆಗೆ ಬರೆದುಕೊಂಡಿರಲಿಲ್ಲ. ಅಂದಮೇಲೆ ಸಂಸಾರವನ್ನು ಅಡವಿಟ್ಟು ಕೊಂಡ ಭದ್ರತೆ ಭದ್ರತೆಯೇ ಅಲ್ಲ. 60 ದಿನ ದಾಟಿಸುವುದು ಎರಡನೆಯ ಸಂಬಳ, ಹೆಂಡತಿಯ ವ್ಯವಹಾರಜ್ಞಾನ, ಕೆಲಸಕ್ಕೆ ಹೆಸರು ಸೂಚಿಸುವ ಕನ್ನಡ ಕೂಟದ ಗೆಳೆಯ, ‘ಬಂದ್ರ ಬಾರಪಾ, ಮನಿ ಐತಿ, ಹೊಲ ಐತಿ’ ಅನ್ನುವ ಅಪ್ಪ. ಇವರಿಗೆಲ್ಲ ವರ್ಷಗಟ್ಟಲೆ ‘ಸದ್ದಲೇ’ ಅಂದಿದ್ದರೆ ಬೀಳುವ ಹೊತ್ತಿಗೆ ಯಾರ ಕೈಗೆ ಬೀಳುವುದು?

ಕೆಲಸ ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಇರುವ ರಜೆ ತೆಗೆದುಕೊಳ್ಳಿ ಎನ್ನುವುದೇ ಮಾತು. ಅಮೆರಿಕದಲ್ಲಿ 1993ರ ಕಾಯಿದೆಯೊಂದಿದೆ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿಯಲ್ಲಿ ವರ್ಷ ಪೂರೈಸಿ ಷರತ್ತು ಮುಟ್ಟಿದವರು ಮಗು ಹುಟ್ಟಿದಾಗ, ಮನೆಯವರಿಗೆ ಗಂಭೀರ ಕಾಯಿಲೆಯಾದಾಗ 12 ವಾರ ರಜೆ ಪಡೆಯಬಹುದು. ಸಂಬಳ ಇಲ್ಲ, ಕೆಲಸ ಮಾತ್ರ ಉಳಿಯುತ್ತದೆ. ಆ ‘ಮನೆಯವರ’ ಪಟ್ಟಿಯಲ್ಲಿ ಸಂಗಾತಿ, ಮಕ್ಕಳು, ಹೆತ್ತವರು ಇದ್ದಾರೆ, ಅತ್ತೆ-ಮಾವ ಇಲ್ಲ. ನಮ್ಮ ಎಷ್ಟೋ ಅಳಿಯಂದಿರು ಈ ಕಾಯಿದೆಯನ್ನು ಓದದೆಯೇ ಚಾಚೂ ತಪ್ಪದೆ ಪಾಲಿಸುತ್ತ ಬಂದಿದ್ದಾರೆ. ಉಳಿದ ಭಾಗವನ್ನು ಬಳಸಲು ಮಾತ್ರ ಭಯ. ಊರಿನವರು ಬಿಡುವು ತೆಗೆದುಕೊಳ್ಳುವ ಬಗೆಗೆ ಮಹಾನವಮಿಯ ಆಯುಧ ಪೂಜೆಯನ್ನೇ ನೋಡಿ. ದೇವರಗುಡ್ಡದ ಸುತ್ತಿನ ಹಳ್ಳಿಗಳಲ್ಲಿ ಅಂದು ಕುಡಗೋಲಿಗೂ ಕುಂಕುಮ, ಟ್ರ್ಯಾಕ್ಟರಿಗೂ ಹಾರ. ಹೊಲದಲ್ಲಿ ಗೋವಿನಜೋಳ ನಿಂತಿದ್ದರೂ, ಮೋಡ ಕವಿದಿದ್ದರೂ, ರೈತ ಕಾರ್ಣಿಕ ಕೇಳಲು ಹೊರಡುತ್ತಾನೆ. ಆಯುಧಕ್ಕೂ ಒಂದು ದಿನ ಬಿಡುವು. ಹೊರನಾಡಿನಲ್ಲಿ ಲ್ಯಾಪ್‌ಟಾಪಿಗೂ ಕುಂಕುಮ ಬೀಳುತ್ತದೆ, ನಿಜ. ಆದರೆ ಕರ್ಪೂರ ಆರುವ ಮೊದಲೇ ಅದೇ ಲ್ಯಾಪ್‌ಟಾಪಿನಲ್ಲಿ ಸ್ಟ್ಯಾಂಡಪ್ ಮೀಟಿಂಗ್ ಶುರುವಾಗಿ, ಕೀಲಿಮಣೆಯ ಸಂದಿನಲ್ಲಿ ಕೂತ ಅಕ್ಷತೆಯಿಂದ ಮ್ಯಾನೇಜರನಿಗೆ ಇಪ್ಪತ್ತು ಸೊನ್ನೆ ಹೋಗಿರುತ್ತದೆ.

ಕೊನೆಯ ಆಕ್ಷೇಪ ಊರಿನದೇ. ‘ಕಳಿಸಿದ ರೊಕ್ಕದಾಗ ಬೋರ್ ಹೊಡಿಸೀವಿ, ತಂಗಿ ಮದವಿ ಮಾಡೀವಿ, ಈಗ ಸಂಸಾರದ ಪಾಠ ಹೇಳ್ತೀರೇನು?’ ಈ ಮಾತಿಗೆ ತಲೆಬಾಗಲೇಬೇಕು. ಹೊರನಾಡಿನ ದುಡಿಮೆ ಎಷ್ಟೋ ಮನೆಗಳ ಸಾಲ ತೀರಿಸಿದೆ. ಆದರೆ ಸಾಲ ತೀರಿದ ವರ್ಷ ಭಯವೂ ತೀರಬೇಕಿತ್ತಲ್ಲ? ಅದು ತೀರಲಿಲ್ಲ, ಗ್ರೀನ್ ಕಾರ್ಡ್ ಆಗಲಿ ಅಂದಿತು, ಆಮೇಲೆ ಮನೆ ಆಗಲಿ ಅಂದಿತು, ಈಗ ಮಗಳ ಕಾಲೇಜು ಮುಗಿಯಲಿ ಅನ್ನುತ್ತಿದೆ. ಅಷ್ಟರಲ್ಲಿ ಆರು ತಿಂಗಳಿಗೆಂದು ಬಂದ ಅಪ್ಪ-ಅವ್ವ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಖಾಲಿಯಾಗುವ ಮೊದಲೇ ಮಾತಿನ ಸಂಗಾತಿ ಇಲ್ಲದೆ ವಾಪಸ್ ಹೊರಟಿರುತ್ತಾರೆ. ಭಯ ಸಂಬಳದೊಂದಿಗೇ ಬಡ್ತಿ ಪಡೆಯುತ್ತ ಹೋಗುವ ನೌಕರ. ಅದಕ್ಕೆ ನಿವೃತ್ತಿ ಕೊಡಬೇಕಾದವರು ನಾವೇ.

ಆದ್ದರಿಂದ ಹೊರನಾಡ ಬಂಧುಗಳಲ್ಲಿ ಬೇಡಿಕೆ ಇಷ್ಟೇ. ಮುಂದಿನ ಮಹಾನವಮಿಯನ್ನು ಶನಿವಾರಕ್ಕೆ ತಳ್ಳದೆ, ಪಂಚಾಂಗದಲ್ಲಿ ಬಂದ ದಿನವೇ ರಜೆ ಹಾಕಿ. ರಜೆಯ ಅರ್ಜಿಯಲ್ಲಿ ಜ್ವರ, ಹಲ್ಲುನೋವು ಎಂದು ಬರೆಯದೆ ‘ಮನೆಯಲ್ಲಿ ಹಬ್ಬ’ ಎಂದೇ ಬರೆಯಿರಿ. ಅವತ್ತು ‘ಸದ್ದಲೇ’ ಅನ್ನುವ ಹಕ್ಕನ್ನು ಗೊರವಪ್ಪನೊಬ್ಬನಿಗೇ ಬಿಟ್ಟುಕೊಡಿ.