‘ಪೋರಗೋಳು ಅವಲ್ಲರಿ’ ಅನ್ನುವ ನನ್ನೂರಿನವರಿಗೆ ಒಂದು ಬಹಿರಂಗ ಪತ್ರ

ಅಣ್ಣಂದಿರೇ, ಅಕ್ಕಂದಿರೇ, ತಮ್ಮ-ತಂಗಿಯರೇ,

ಔರಾದಿನ ಬಸ್ ಸ್ಟ್ಯಾಂಡಿನಲ್ಲಿ ಚಹಾ ಮಾರುವವರಿಗೆ, ಭಾಲ್ಕಿಯಲ್ಲಿ ಹೊಲಿಗೆ ಮಷಿನ್ ತುಳಿಯುವವರಿಗೆ, ಬೀದರಿನ ಚೌಬಾರದ ಸುತ್ತ ಆಟೊ ಓಡಿಸುವವರಿಗೆ, ಅದರ ಹಿಂದಿನ ಓಣಿಗಳಲ್ಲಿ ಕೂತು ಬಿದರಿ ಹೂಜಿಗೆ ಬೆಳ್ಳಿ ತಂತಿ ಕೂರಿಸುವವರಿಗೆ ಈ ಪತ್ರ. ಅರವತ್ತಾದ ಮೇಲೆ ತಿಂಗಳಿಗೆ ಇಷ್ಟು ಕೊಡುತ್ತೇವೆ ಎಂದು ನಿಮಗೆ ಯಾರೂ ಬರೆದುಕೊಟ್ಟಿಲ್ಲ. ಮುಪ್ಪಿಗೆ ಏನು ಇಟ್ಟುಕೊಂಡಿದ್ದೀರಿ ಎಂದು ಕೇಳಿದಾಗಲೆಲ್ಲ ನಿಮ್ಮಿಂದ ನನಗೆ ಸಿಕ್ಕ ಉತ್ತರ ಒಂದೇ: “ಪೋರಗೋಳು ಅವಲ್ಲರಿ, ಇನ್ನೇನ್ ಬೇಕು?”

ನಮ್ಮಪ್ಪನೂ ಹಾಗೇ ಅನ್ನುತ್ತಿದ್ದರು. ಔರಾದಿನಲ್ಲಿ ಟೇಲರ್ ಆಗಿದ್ದರು. ಶಿವರಾತ್ರಿಯ ಅಮರೇಶ್ವರ ಜಾತ್ರೆ ಹತ್ತಿರ ಬಂತೆಂದರೆ ನಮ್ಮ ಮನೆಯಲ್ಲಿ ರಾತ್ರಿಯಿಡೀ ಮಷಿನ್ ಸದ್ದು. ದುಡಿದದ್ದರಲ್ಲಿ ಇಬ್ಬರು ಅಕ್ಕಂದಿರ ಮದುವೆ ಮಾಡಿದರು, ನನ್ನನ್ನು ಓದಿಸಿದರು. ಉಳಿದ ರೊಕ್ಕವನ್ನು ಒಂದು ಪತ್ತಿನ ಸಂಘದಲ್ಲಿಟ್ಟರು. ಬ್ಯಾಂಕಿಗಿಂತ ಬಡ್ಡಿ ಹೆಚ್ಚು, ಅಂಗಡಿಗೇ ಬಂದು ವಸೂಲಿ ಮಾಡುವ ಹುಡುಗ ಗುರುತಿನವ. ಅಪ್ಪನಿಗೆ ಅಷ್ಟು ಸಾಕಾಗಿತ್ತು. ಒಂದು ಬೆಳಿಗ್ಗೆ ಅದರ ಶಟರ್ ಮೇಲೇಳಲಿಲ್ಲ. ಅರವತ್ತಾರನೇ ವಯಸ್ಸಿನಲ್ಲಿ ಅಪ್ಪ ಇನ್ನೊಬ್ಬರ ಅಂಗಡಿಯಲ್ಲಿ ಕಾಜಾ-ಗುಂಡಿ ಕೆಲಸಕ್ಕೆ ಕೂತರು. ನಾನು ಆಗ ಹೈದರಾಬಾದಿನಲ್ಲಿದ್ದೆ. ಬಾಡಿಗೆ, ಮಕ್ಕಳ ಫೀ ಕಟ್ಟಿ ಉಳಿದದ್ದನ್ನು ಕಳಿಸುತ್ತಿದ್ದೆ. ಕೆಲವು ತಿಂಗಳು ಏನೂ ಉಳಿಯುತ್ತಿರಲಿಲ್ಲ. ಪೋರ ಇದ್ದ, ಪ್ರೀತಿಯೂ ಇತ್ತು, ಅವನ ಕೈಯಲ್ಲಿ ರೊಕ್ಕ ಇರಲಿಲ್ಲ.

ನಮ್ಮ ಜನಕ್ಕೆ ಉಳಿಸಲು ಬರುವುದಿಲ್ಲ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ನಬಾರ್ಡ್ 1992ರಲ್ಲಿ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಲು ಶುರು ಮಾಡಿತು. ಮುಂದೆ ಆ ಕೆಲಸದಲ್ಲಿ ಬೀದರ್ ಡಿಸಿಸಿ ಬ್ಯಾಂಕ್ ದೊಡ್ಡ ಹೆಸರು ಮಾಡಿತು. ಔರಾದ ತಾಲ್ಲೂಕಿನವರೇ ಆದ ಸಹಕಾರಿ ಮುಖಂಡ ಗುರುಪಾದಪ್ಪ ನಾಗಮಾರಪಳ್ಳಿಯವರ ಹೆಸರು ಅದರ ಜೊತೆಗೇ ಬರುತ್ತದೆ. ವಾರ ವಾರ ಹತ್ತು-ಇಪ್ಪತ್ತು ರೂಪಾಯಿ ತಪ್ಪದೆ ಕಟ್ಟಿದವರು ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು. ಭಿಶಿ ಎಂಬ ಚೀಟಿ ಹಾಕುವವರಿದ್ದಾರೆ, ಗುಂಜಿ ಗುಂಜಿ ಬಂಗಾರ ಕೂಡಿಸುವವರಿದ್ದಾರೆ. ಆದರೆ ಆ ಹಣಕ್ಕೆಲ್ಲ ಮೊದಲೇ ಒಂದು ಹೆಸರು ಬಿದ್ದಿರುತ್ತದೆ: ಮಗಳ ಮದುವೆ, ಮಗನ ಡಿಪ್ಲೊಮಾ, ಮನೆಯ ಸ್ಲ್ಯಾಬು. ‘ನನ್ನ ಮುಪ್ಪು’ ಎಂಬ ಹೆಸರಿನಲ್ಲಿ ಎತ್ತಿಟ್ಟ ರೊಕ್ಕವನ್ನು ನಮ್ಮ ಓಣಿಯಲ್ಲಿ ನಾನು ಕಂಡದ್ದೇ ಕಡಿಮೆ. ಹಾಗೆ ಇಡುವುದು ಮಕ್ಕಳ ಮೇಲಿನ ಅಪನಂಬಿಕೆ ಎಂದು ಕೆಲವರು ತಿಳಿಯುತ್ತಾರೆ. ಮಕ್ಕಳ ಹೆಗಲ ಭಾರ ಇಳಿಸುವ ಕೆಲಸ ಅದು. ಪುಣೆಯಲ್ಲೋ ಹೈದರಾಬಾದಿನಲ್ಲೋ ಒಂದು ಕೋಣೆಯ ಮನೆಯಲ್ಲಿರುವ ಮಗನನ್ನು ಕೇಳಿ ನೋಡಿ.

ಮುಪ್ಪಿಗೆಂದು ಉಳಿಸಲು ಶುರು ಮಾಡುವ ಮುಂಚೆ ಮೈಮೇಲಿನ ಸಾಲ ನೋಡಿಕೊಳ್ಳಿ. ‘ನೂರಕ್ಕೆ ಮೂರು’ ಎಂದು ನಾವು ಸಲೀಸಾಗಿ ಅನ್ನುತ್ತೇವೆ. ಅದು ತಿಂಗಳ ಲೆಕ್ಕ, ವರ್ಷಕ್ಕೆ ನೂರಕ್ಕೆ 36 ಆಯಿತು. ಅಷ್ಟು ಗಳಿಸಿಕೊಡುವ ನಂಬಿಕಸ್ಥ ಹೂಡಿಕೆ ಎಲ್ಲಿಯೂ ಇಲ್ಲ. ಅಂಥ ಸಾಲದಲ್ಲಿ 10,000 ತೀರಿಸಿದರೆ ವರ್ಷಕ್ಕೆ 3,600 ಉಳಿಯಿತು. ನಿಮ್ಮ ಮೊದಲ ಹೂಡಿಕೆ ಅದೇ ಆಗಲಿ. ಇದೇ ಲೆಕ್ಕ ಇನ್ನೊಂದು ಕಡೆಗೂ ಹಿಡಿಯಿರಿ. ‘ತಿಂಗಳಿಗೆ ನೂರಕ್ಕೆ ಐದು ಕೊಡುತ್ತೇವೆ’ ಎಂದು ಯಾರಾದರೂ ಬಂದರೆ, ವರ್ಷಕ್ಕೆ ನೂರಕ್ಕೆ 60 ಅವನು ಎಲ್ಲಿಂದ ತರುತ್ತಾನೆ? ನಿಮ್ಮ ಹಿಂದೆ ಬಂದವನ ರೊಕ್ಕದಿಂದ.

ಎಲ್ಲಿಡಬೇಕು ಎಂಬ ವಿಷಯಕ್ಕೆ ಬರುತ್ತೇನೆ. ಅಪ್ಪನಿಗೆ ಯಾರೂ ಹೇಳದಿದ್ದ ಮಾತು ಇದು, ನಿಧಾನಕ್ಕೆ ಓದಿಕೊಳ್ಳಿ. ಬ್ಯಾಂಕ್ ಮುಳುಗಿದರೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು-ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. 2020ರ ಫೆಬ್ರುವರಿಗೆ ಮುಂಚೆ ಇದು 1 ಲಕ್ಷ ಮಾತ್ರ ಇತ್ತು. ಸರ್ಕಾರಿ, ಖಾಸಗಿ, ಗ್ರಾಮೀಣ, ಸಹಕಾರಿ ಬ್ಯಾಂಕ್‌ಗಳೆಲ್ಲ ಇದರೊಳಗೆ ಬರುತ್ತವೆ. ಪತ್ತಿನ ಸಹಕಾರ ಸಂಘಗಳು, ಸೌಹಾರ್ದ ಸಹಕಾರಿಗಳು ಬರುವುದಿಲ್ಲ. ಅವುಗಳಲ್ಲಿ ಪ್ರಾಮಾಣಿಕವಾಗಿ ನಡೆಯುವವು ಬಹಳ ಇವೆ, ಎಷ್ಟೋ ಅಂಗಡಿಗಳನ್ನು ಎತ್ತಿ ನಿಲ್ಲಿಸಿವೆ. ಆದರೂ ಮುಪ್ಪಿನ ರೊಕ್ಕಕ್ಕೆ ವಿಮೆಯಿಲ್ಲದ ಜಾಗ ಬೇಡ. ಠೇವಣಿದಾರರ ಹಿತಕ್ಕೆಂದು ರಾಜ್ಯದ 2004ರ ಕಾಯ್ದೆ ಇದೆ, ಕೇಂದ್ರದ 2019ರ ಕಾಯ್ದೆಯೂ ಇದೆ; ಬೀಗ ಬಿದ್ದ ಮೇಲೆ ಅಲೆಯುವ ದಾರಿ ಅದು. ಬೀಗ ಬೀಳುವ ಮುಂಚೆಯೇ ಅಪ್ಪ ಕೌಂಟರಿನಲ್ಲಿ “ಇದಕ್ಕೆ ವಿಮೆ ಅದಾ?” ಎಂದು ಕೇಳಿದ್ದರೆ ಸಾಕಿತ್ತು.

ಇನ್ನು ಅಟಲ್ ಪಿಂಚಣಿ ಯೋಜನೆ. 2015ರಿಂದ ಇದೆ, 18ರಿಂದ 40 ವರ್ಷದವರು ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಸೇರಬಹುದು, ಆದಾಯ ತೆರಿಗೆ ಕಟ್ಟುವವರಿಗೆ 2022ರ ಅಕ್ಟೋಬರಿನಿಂದ ಪ್ರವೇಶವಿಲ್ಲ. ಅರವತ್ತರ ನಂತರ ತಿಂಗಳಿಗೆ 5,000 ಬೇಕೆಂದು ಹದಿನೆಂಟಕ್ಕೇ ಸೇರಿದವನು ತಿಂಗಳಿಗೆ 210 ಕಟ್ಟುತ್ತಾನೆ, ಇಪ್ಪತ್ತೈದಕ್ಕೆ ಸೇರಿದವನು 376, ಮೂವತ್ತೊಂಬತ್ತಕ್ಕೆ ಸೇರಿದವನು 1,318. ಲೆಕ್ಕ ಹಾಕಿ: ಮೊದಲನೆಯವನು 42 ವರ್ಷದಲ್ಲಿ ಕಟ್ಟುವುದು ಒಟ್ಟು 1,05,840. ಕೊನೆಯವನು 21 ವರ್ಷದಲ್ಲಿ 3,32,136. ಸಿಗುವ ಪಿಂಚಣಿ ಇಬ್ಬರಿಗೂ ಒಂದೇ. ‘ಮುಂದ ನೋಡಮ್’ ಅನ್ನುವ ನಮ್ಮ ಮಾತಿನ ಬೆಲೆ ಇದರಲ್ಲಿದೆ. ಗಂಡ ಹೋದರೆ ಹೆಂಡತಿಗೆ ಅದೇ ಪಿಂಚಣಿ, ಇಬ್ಬರೂ ಹೋದ ಮೇಲೆ ನಾಮಿನಿಗೆ ಇಡಿಗಂಟು. ತಿಂಗಳ ಆದಾಯವಿಲ್ಲದ ಒಕ್ಕಲುತನದವರು ಆರು ತಿಂಗಳಿಗೊಮ್ಮೆ ಕಟ್ಟಲೂ ಅವಕಾಶವಿದೆ. ಸೋಯಾ ಮಾರಿದಾಗ, ತೊಗರಿ ರಾಶಿಯಾದ ಮೇಲೆ, ಅಡತಿಯಿಂದ ಬಂದ ರೊಕ್ಕ ಕಂತು ಕಡಿತವಾಗುವವರೆಗೆ ಖಾತೆಯಲ್ಲಿ ಉಳಿಯುವಂತೆ ನೋಡಿಕೊಳ್ಳಿ.

ಆದರೆ ಇಷ್ಟಕ್ಕೇ ನಿಲ್ಲಬೇಡಿ ಎಂದು ಕೈ ಮುಗಿದು ಕೇಳುತ್ತೇನೆ. ವಸ್ತುಗಳ ಬೆಲೆ ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ ಹನ್ನೆರಡು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಇವತ್ತು ಇಪ್ಪತ್ತೈದರಲ್ಲಿರುವ ಹುಡುಗನಿಗೆ ಅರವತ್ತಾಗುವ ಹೊತ್ತಿಗೆ ಆ 5,000ಕ್ಕೆ ಬರುವುದು ಇವತ್ತಿನ 650 ರೂಪಾಯಿಯ ಸಂತೆ. ಹಾಗಾಗಿ ಅಂಚೆ ಕಚೇರಿಯಲ್ಲಿ ಪಿಪಿಎಫ್ ಖಾತೆಯನ್ನೂ ತೆಗೆಯಿರಿ. ವರ್ಷಕ್ಕೆ ಕನಿಷ್ಠ 500, ಗರಿಷ್ಠ 1.5 ಲಕ್ಷ, 15 ವರ್ಷದ ಅವಧಿ. 2020ರ ಏಪ್ರಿಲ್‌ನಲ್ಲಿ ಅದರ ಬಡ್ಡಿಯನ್ನು ನೂರಕ್ಕೆ 7.1 ಮಾಡಿದರು. ಆ ದರದಲ್ಲಿ ತಿಂಗಳಿಗೆ 1,000 ಹಾಕಿದರೆ ಕಟ್ಟಿದ 1.8 ಲಕ್ಷ 3 ಲಕ್ಷ ದಾಟುತ್ತದೆ. ನಮ್ಮಂಥವರಿಗೆ ಮುಖ್ಯವಾದ ಇನ್ನೊಂದು ಗುಣ ಅದಕ್ಕಿದೆ: ನೀವು ಮಾಡಿದ ಸಾಲಕ್ಕಾಗಿ ಪಿಪಿಎಫ್ ಹಣವನ್ನು ಕೋರ್ಟ್ ಜಪ್ತಿ ಮಾಡುವಂತಿಲ್ಲ.

ಷೇರು ಪೇಟೆ ಎಂದರೆ ಜೂಜು ಎಂದು ನನ್ನಪ್ಪ ಹೆದರುತ್ತಿದ್ದರು. ಆ ಹೆದರಿಕೆಗೆ ಅರ್ಥವಿದೆ. 2008ರ ಜನವರಿಯಲ್ಲಿ 21,000ದ ಹತ್ತಿರವಿದ್ದ ಸೆನ್ಸೆಕ್ಸ್ ಅದೇ ಅಕ್ಟೋಬರಿನಲ್ಲಿ 8,000ಕ್ಕಿಂತ ಕೆಳಗೆ ಬಿತ್ತು. 2020ರ ಮಾರ್ಚ್‌ನಲ್ಲಿ 26,000ಕ್ಕಿಂತ ಕೆಳಗಿಳಿದು, ಆ ವರ್ಷ ಮುಗಿಯುವುದರೊಳಗೆ ಮೊದಲಿನ ಎತ್ತರ ದಾಟಿತು. ಬಿದ್ದ ದಿನ ಗಾಬರಿಯಾಗಿ ಮಾರಿದವನ ನಷ್ಟ ಶಾಶ್ವತವಾಯಿತು. ತೊಗರಿ ದರ ಬಿದ್ದ ವರ್ಷ ನೀವು ಹೊಲ ಮಾರುವುದಿಲ್ಲ; ಆ ಗಟ್ಟಿತನ ನಿಮಗೆ ಹೊಸದಲ್ಲ. ಹತ್ತು-ಹದಿನೈದು ವರ್ಷ ಬೇಕಾಗದ ರೊಕ್ಕವಿದ್ದರೆ, ದೇಶದ ದೊಡ್ಡ ಐವತ್ತು ಕಂಪನಿಗಳಲ್ಲಿ ಹಂಚಿ ಹಾಕುವ ಒಂದು ಸಾದಾ ಇಂಡೆಕ್ಸ್ ಫಂಡಿನಲ್ಲಿ ತಿಂಗಳಿಗೆ 500ರ ಎಸ್‌ಐಪಿ ಹಾಕಿ. ಮುಪ್ಪಿಗೆಂದು 2,000 ಎತ್ತಿಡಬಲ್ಲವರು ಅದರಲ್ಲಿ 500 ಇಲ್ಲಿ ಹಾಕಿದರೆ ಶುರುವಿಗೆ ಸಾಕು.

ಬೀದರಿನ ಕಾಲೇಜು ಹುಡುಗರಿಗೆ ಬೇರೆಯಾಗಿ ಒಂದು ಮಾತು. ಮೊಬೈಲಿನಲ್ಲಿ ಆಪ್ಷನ್ ಟ್ರೇಡಿಂಗ್ ಮಾಡುತ್ತಿದ್ದೀರಲ್ಲ ತಮ್ಮಾ, ಅದು ಹೂಡಿಕೆ ಅಲ್ಲ. 2024ರಲ್ಲಿ ಷೇರು ಪೇಟೆಯ ನಿಯಂತ್ರಕ ಸೆಬಿಯೇ ಲೆಕ್ಕ ತೆಗೆಯಿತು: ಮೂರು ವರ್ಷದಲ್ಲಿ ಫ್ಯೂಚರ್ಸ್-ಆಪ್ಷನ್ಸ್‌ಗೆ ಇಳಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡಿದ್ದರು. ಅಪ್ಪ ಕಬ್ಬಿನ ಬಿಲ್ಲಿನಿಂದ ಕಳಿಸಿದ ಫೀಸಿನ ರೊಕ್ಕ ಅಲ್ಲಿ ಹಾಕಬೇಡಿ.

ಪ್ಲಾಟಿನ ಬಗ್ಗೆ ಕೇಳುವವರಿದ್ದೀರಿ. ಇರುವ ರೊಕ್ಕವನ್ನೆಲ್ಲ ಬೀದರಿನ ಹೊರಗೆ ಒಂದು ಪ್ಲಾಟಿಗೆ ಸುರಿದವರಿಗೆ ನಾನು ಹೇಳುವುದಿಷ್ಟೇ: ಆಸ್ಪತ್ರೆಯ ಬಿಲ್ಲಿಗೆ ಅದರ ಒಂದು ಮೂಲೆ ಕೊಯ್ದು ಕೊಡಲಾಗುವುದಿಲ್ಲ. ಮೂರು-ನಾಲ್ಕು ತಿಂಗಳ ಮನೆ ಖರ್ಚು ಉಳಿತಾಯ ಖಾತೆಯಲ್ಲಿ ಬೇರೆಯೇ ಇರಲಿ. ಇಲ್ಲದಿದ್ದರೆ ಮೊದಲ ಜ್ವರಕ್ಕೇ ಮುಪ್ಪಿನ ಗಂಟು ಬಿಚ್ಚಬೇಕಾಗುತ್ತದೆ.

ಬಿದರಿ ಕೆಲಸದ ಅಣ್ಣಂದಿರು ನನಗೆ ಮತ್ತೆ ಮತ್ತೆ ನೆನಪಾಗುತ್ತಾರೆ. ಸತುವು-ತಾಮ್ರ ಕರಗಿಸಿ ಎರಕ ಹೊಯ್ದು, ಉಳಿಯಿಂದ ಗೀರಿ, ಕೂದಲೆಳೆಯಂಥ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿನ ನೀರಲ್ಲಿ ಕಪ್ಪೇರಿಸುವ ಕೆಲಸ. 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ಇಡೀ ಜಿಲ್ಲೆ ಖುಷಿಪಟ್ಟಿತು. ಆ ಕೆಲಸ ಕಣ್ಣನ್ನೂ ಬೆರಳನ್ನೂ ನಂಬಿದೆ, ನಮ್ಮಪ್ಪನ ಕೆಲಸದ ಹಾಗೆಯೇ. ಕಣ್ಣು ಮಂಜಾಗುವ ಮುಂಚೆ ನೀವು ಬ್ಯಾಂಕಿಗೆ ಹೋಗಬೇಕು ಎಂಬುದು ನನ್ನ ಆಸೆ.

ಹೋದಾಗ ಪಾಸ್‌ಬುಕ್ ತೆರೆದು ನಾಮಿನಿ ಹೆಸರು ಇದೆಯೋ ನೋಡಿ, ಇಲ್ಲದಿದ್ದರೆ ಅಲ್ಲೇ ಬರೆಸಿ ಬನ್ನಿ. ಯಾವ ಬ್ಯಾಂಕು, ಯಾವ ಅಂಚೆ ಕಚೇರಿ, ಎಷ್ಟು ಕಟ್ಟಿದ್ದೀರಿ ಎಂದು ಮನೆಯಾಕೆಯನ್ನು ಕೂರಿಸಿಕೊಂಡು ಹೇಳಿ. ಅಪ್ಪ ತೀರಿಕೊಂಡ ಮೇಲೆ ನಮ್ಮವ್ವ ಟ್ರಂಕಿನಲ್ಲಿದ್ದ ಕಾಗದಗಳನ್ನೆಲ್ಲ ಹಾಸಿಗೆಯ ಮೇಲೆ ಹರವಿ, ಇದರಲ್ಲಿ ರೊಕ್ಕದ್ದು ಯಾವುದು, ರದ್ದಿ ಯಾವುದು ಎಂದು ನನ್ನನ್ನು ಕೇಳಿದಳು.

ನಿಮ್ಮವ,
ಔರಾದಿನ ಟೇಲರ್ ಮಗ